ಕಳವಾದ ಕಾರ್ಡು, ನಾವು ಮಾಡದ ಸಾಲ



ದತ್ತಿ ಉಪನ್ಯಾಸ ಎಂದರೆ ಸಂವಿಧಾನ, ಭೂಸುಧಾರಣೆ, ಸಹಕಾರ ಚಳವಳಿಯಂಥ ಗಟ್ಟಿ ವಿಷಯವಿರಬೇಕು ಎಂಬ ನಿರೀಕ್ಷೆ ಇರುತ್ತದೆ. ಪರದೇಶದಲ್ಲಿ ಕ್ರೆಡಿಟ್ ಕಾರ್ಡು ಕಳವಾದರೆ ಏನು ಮಾಡಬೇಕು ಎಂಬ ವಿಷಯವನ್ನು ನಾನು ಸೂಚಿಸಿದಾಗ ಸಂಘಟಕರು ಒಂದು ಕ್ಷಣ ಸುಮ್ಮನಾದರು. ಅದರಲ್ಲಿ ತಪ್ಪೇನಿಲ್ಲ. ಆದರೆ ಈ ಸಭಾಂಗಣದಲ್ಲಿ ಕೂತವರನ್ನೇ ನೋಡಿ. ಮಗಳ ಬಾಣಂತನಕ್ಕೆಂದು ಮ್ಯೂನಿಕ್‌ಗೋ ಡಲ್ಲಾಸ್‌ಗೋ ಹೋಗಿ ಆರು ತಿಂಗಳು ಇದ್ದು ಬಂದವರು ಇಲ್ಲಿ ಕಡಿಮೆಯೇನಿಲ್ಲ. ಹೊರಡುವಾಗ ಉಪ್ಪಿನಕಾಯಿ ಡಬ್ಬಿಯನ್ನು ಮೂರು ಕವರಿನಲ್ಲಿ ಸುತ್ತುವ ನಾವು, ಕಾರ್ಡಿನ ಹಿಂಬದಿಯ ಫೋನ್ ನಂಬರನ್ನು ಬೇರೆಲ್ಲೂ ಬರೆದಿಟ್ಟುಕೊಳ್ಳುವುದಿಲ್ಲ. ಕಾರ್ಡು ಹೋದಾಗ ಆ ನಂಬರೂ ಅದರ ಜೊತೆಗೇ ಹೋಗುತ್ತದೆ.

ನಾನು ನೌಕರಿಯ ಕೊನೆಯ ಭಾಗವನ್ನು ಒಂದು ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿ ಕಳೆದವನು. ನಿವೃತ್ತನಾದ ಮೇಲೆ ಮೇಜಿನ ಈಚೆ ಬದಿಗೆ ಬಂದಿದ್ದೇನೆ. ಪರಿಚಯದವರು ತಮ್ಮ ಕಾಗದಪತ್ರ ಹಿಡಿದು ಮನೆಗೆ ಬರುತ್ತಾರೆ. ಎರಡೂ ಬದಿಯಿಂದ ನೋಡಿದ ಮೇಲೆ ನನಗೆ ಖಚಿತವಾಗಿ ಅನ್ನಿಸಿರುವುದು ಒಂದೇ ಸಂಗತಿ. ಇಂಥ ಪ್ರಕರಣಗಳಲ್ಲಿ ಎರಡು ಬೇರೆ ಬೇರೆ ಜಗಳಗಳಿವೆ. ಒಂದು, ಬ್ಯಾಂಕಿಗೂ ಆ ದೂರದ ಅಂಗಡಿಯವನ ಬ್ಯಾಂಕಿಗೂ ನಡೆಯುವಂಥದ್ದು. ಇನ್ನೊಂದು, ಬ್ಯಾಂಕಿಗೂ ನಿಮಗೂ ನಡೆಯುವಂಥದ್ದು. ಮೊದಲನೆಯದರಲ್ಲಿ ತಾನು ಸೋತಿದ್ದನ್ನು ಬ್ಯಾಂಕು ನಿಮಗೆ ಎರಡನೆಯದರ ತೀರ್ಪು ಎಂಬಂತೆ ಓದಿ ಹೇಳುತ್ತದೆ. ನಾವು ಪಾಪ, ನಂಬಿ ಹಣ ಕಟ್ಟುತ್ತೇವೆ.

ಒಂದು ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಶಿವಮೊಗ್ಗ ಕಡೆಯ ನಿವೃತ್ತ ಶಿಕ್ಷಕಿ. ಜರ್ಮನಿಯಲ್ಲಿರುವ ಮಗಳ ಮನೆಗೆ ಹೋಗಿದ್ದವರು 2023ರ ಬೇಸಿಗೆಯಲ್ಲಿ ಮಗಳ ಜೊತೆ ನಾಲ್ಕು ದಿನ ಸ್ಪೇನಿನ ಬಾರ್ಸಿಲೋನಾಕ್ಕೆ ಹೋದರು. ಆ ಊರಿನ ಲಾ ರಾಂಬ್ಲಾ ಬೀದಿ ಜೇಬುಗಳ್ಳರಿಗೆ ಹೆಸರುವಾಸಿ. ಇದು ಆ ಊರೊಂದರ ಕಥೆಯಲ್ಲ ಎನ್ನುವುದನ್ನೂ ಹೇಳಬೇಕು. 2013ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯ ಒಂದು ದಿನ ಬಾಗಿಲು ಹಾಕಿದ್ದು ಜೇಬುಗಳ್ಳರ ಕಾಟ ತಾಳಲಾರದೆ ಅಲ್ಲಿನ ಸಿಬ್ಬಂದಿಯೇ ಮುಷ್ಕರ ಹೂಡಿದ್ದರಿಂದ. ನಮ್ಮ ಶಿಕ್ಷಕಿಯ ಪರ್ಸು ಹೋದದ್ದು ಲಾ ರಾಂಬ್ಲಾ ಕೆಳಗಿನ ಮೆಟ್ರೋ ನಿಲ್ದಾಣದಲ್ಲಿ, ಸಂಜೆ ಆರರ ಸುಮಾರಿಗೆ. ಗೊತ್ತಾದದ್ದು ಏಳಕ್ಕೆ, ಊಟದ ಬಿಲ್ಲು ಬಂದಾಗ. ಫೋನು ಕೈಯಲ್ಲೇ ಇತ್ತು, ಆದರೆ ಊರಿನ ಸಿಮ್ಮಿಗೆ ರೋಮಿಂಗ್ ಹಾಕಿಸಿರಲಿಲ್ಲ. ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟು, ರೂಮಿಗೆ ಬಂದು ವೈಫೈ ಸಿಕ್ಕ ಮೇಲೆ ಇಮೇಲ್ ತೆರೆದರೆ ಬ್ಯಾಂಕಿನ ಎಚ್ಚರಿಕೆ ಸಂದೇಶಗಳು ಸಾಲಾಗಿ ಕೂತಿದ್ದವು. ಆಪ್ ತೆರೆದು ಕಾರ್ಡು ಬ್ಲಾಕ್ ಮಾಡಿದಾಗ ಅಲ್ಲಿನ ಗಂಟೆ ರಾತ್ರಿ ಒಂಬತ್ತು.

ಅಷ್ಟರಲ್ಲಿ ಕಳ್ಳ ಏಳು ಸಲ ಟ್ಯಾಪ್ ಮಾಡಿದ್ದ. ಸಿಗರೇಟು ಅಂಗಡಿ, ಮೆಟ್ರೋ ಟಿಕೆಟ್ ಯಂತ್ರ, ಇನ್ನೊಂದು ಸಿಗರೇಟು ಅಂಗಡಿ, ಹೀಗೆ. ಮೊತ್ತಗಳನ್ನು ನೋಡಿದರೆ ಅವನ ಕಸುಬು ಅರ್ಥವಾಗುತ್ತದೆ: 48.50, 49.00, 47.20, 49.90, 38.00, 49.90, 45.50 ಯೂರೊ. ಒಂದೂ ಐವತ್ತು ದಾಟಿಲ್ಲ. ಸ್ಪೇನಿನಲ್ಲಿ ಪಿನ್ ಕೇಳದೆ ಟ್ಯಾಪ್ ಆಗುವ ಮಿತಿ 50 ಯೂರೊ. ಯುರೋಪಿನ ಬ್ಯಾಂಕು ಕೊಟ್ಟ ಕಾರ್ಡಾಗಿದ್ದರೆ ಸತತ ಐದು ಟ್ಯಾಪ್ ಆದ ಮೇಲೋ, ಒಟ್ಟು ಮೊತ್ತ 150 ಯೂರೊ ದಾಟಿದ ಮೇಲೋ ಪಿನ್ ಕೇಳಲೇಬೇಕು. ಅಲ್ಲಿನ ಪಾವತಿ ಕಾನೂನು ಹಾಗಿದೆ. ಆ ಲೆಕ್ಕ ಇಡಬೇಕಾದದ್ದು ಕಾರ್ಡು ಕೊಟ್ಟ ಬ್ಯಾಂಕು. ನಮ್ಮ ಬ್ಯಾಂಕಿಗೆ ಆ ಕಾನೂನು ಅನ್ವಯಿಸುವುದಿಲ್ಲ. ನಮ್ಮಲ್ಲಿ ಪಿನ್ ಇಲ್ಲದ ಟ್ಯಾಪಿಗೆ 5,000 ರೂಪಾಯಿಯ ಮಿತಿ ಇದೆಯಲ್ಲ ಎಂದರೆ, ಅದು ನಮ್ಮ ದೇಶದೊಳಗಿನ ಮಾತು. ಹೀಗೆ ಎರಡು ದೇಶಗಳ ನಿಯಮಗಳ ನಡುವಿನ ಸಂದಿಯಲ್ಲಿ ಕಳ್ಳ ನಿಶ್ಚಿಂತೆಯಿಂದ ಆರನೆಯ, ಏಳನೆಯ ಟ್ಯಾಪನ್ನೂ ಮುಗಿಸಿದ. ಟ್ಯಾಪುಗಳ ಒಟ್ಟು ಮೊತ್ತ 328 ಯೂರೊ, ಆಗಿನ ದರದಲ್ಲಿ ಸುಮಾರು 29,500 ರೂಪಾಯಿ. ಆಮೇಲೆ ಕಾರ್ಡಿನ ಮೇಲಿನ ಸಂಖ್ಯೆಗಳನ್ನು ಬಳಸಿ ಆನ್‌ಲೈನಿನಲ್ಲಿ 612 ಯೂರೊ ಬೆಲೆಯ ಶೂ, ಜಾಕೆಟ್ಟು ಕೊಂಡ. ಒಟಿಪಿ ಬರಲಿಲ್ಲ. ನಮ್ಮ ದೇಶದ ಆನ್‌ಲೈನ್ ವ್ಯವಹಾರಕ್ಕೆ ಎರಡನೆಯ ಪರಿಶೀಲನೆಯನ್ನು ರಿಸರ್ವ್ ಬ್ಯಾಂಕು 2009ರ ಆಗಸ್ಟ್‌ನಿಂದಲೇ ಕಡ್ಡಾಯ ಮಾಡಿದೆ. ಆದರೆ ಪರದೇಶದ ಮಾರಾಟಗಾರ ಕೇಳದಿದ್ದರೆ ಅದು ಬರುವುದಿಲ್ಲ. ಈ ಬಾಗಿಲನ್ನು ಮುಚ್ಚಲು ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರ್‌ನಲ್ಲಿ ಒಂದು ನಿರ್ದೇಶನ ಹೊರಡಿಸಿ, ಪರದೇಶದ ಕಡೆಯಿಂದ ಕೋರಿಕೆ ಬಂದಾಗ ಪರಿಶೀಲಿಸುವ ವ್ಯವಸ್ಥೆಗೆ 2026ರ ಅಕ್ಟೋಬರ್ 1ರ ಗಡುವು ಕೊಟ್ಟಿತು. ಕೋರಿಕೆ ಬಂದಾಗ ಎಂಬಲ್ಲಿ ಇನ್ನೂ ಒಂದು ಕಿಂಡಿ ಉಳಿದೇ ಇದೆ ಅನ್ನಿ.

ಈಗ ಬ್ಯಾಂಕಿನ ಉತ್ತರ ಕೇಳಿ. ಆನ್‌ಲೈನಿನ 612 ಯೂರೊ, ಅಂದರೆ 55 ಸಾವಿರ ರೂಪಾಯಿಯಷ್ಟು, ತಕರಾರಿಲ್ಲದೆ ಬಿಲ್ಲಿನಿಂದ ಹೋಯಿತು. ಸಣ್ಣ ಸಣ್ಣ ಟ್ಯಾಪುಗಳ 29,500 ಮಾತ್ರ ಕೊಡಬೇಕೆಂದು ಪತ್ರ ಬಂತು. ಕಸ್ಟಮರ್ ಕೇರಿನ ಹುಡುಗಿ ಫೋನಿನಲ್ಲಿ, “ಮೇಡಂ, ಚಾರ್ಜ್‌ಬ್ಯಾಕ್ ರಿಜೆಕ್ಟ್ ಆಗಿದೆ, ನಮ್ಮ ಕೈಲಿ ಏನೂ ಇಲ್ಲ” ಎಂದಳಂತೆ. ಶಿಕ್ಷಕಿ ಆ ಪತ್ರವನ್ನು ನನ್ನ ಮುಂದಿಟ್ಟು, “ನೋಡಿ ರಾಯರೇ, ದೊಡ್ಡದನ್ನ ಬಿಟ್ಟು ಸಣ್ಣದಕ್ಕೆ ಗಂಟು ಬಿದ್ದಿದಾರೆ, ಇದ್ಯಾವ ಲೆಕ್ಕ?” ಎಂದರು.

ಲೆಕ್ಕ ಇದೆ. ಅದನ್ನು ತಿಳಿಯದೆ ಈ ವಿಷಯದಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು.

ಕಾರ್ಡಿನ ಒಂದು ವಹಿವಾಟಿನಲ್ಲಿ ಐದು ಜನ ಇರುತ್ತಾರೆ: ನೀವು, ನಿಮಗೆ ಕಾರ್ಡು ಕೊಟ್ಟ ಬ್ಯಾಂಕು, ಅಂಗಡಿಯವನು, ಅವನ ಬ್ಯಾಂಕು, ಈ ಎರಡು ಬ್ಯಾಂಕುಗಳ ಮಧ್ಯೆ ವೀಸಾ ಅಥವಾ ಮಾಸ್ಟರ್‌ಕಾರ್ಡ್. ಮೋಸ ನಡೆದಾಗ ನಷ್ಟ ಯಾರ ತಲೆಗೆ ಎನ್ನುವುದಕ್ಕೆ ವೀಸಾದವರೂ ಮಾಸ್ಟರ್‌ಕಾರ್ಡಿನವರೂ ದಪ್ಪ ದಪ್ಪ ನಿಯಮಪುಸ್ತಕ ಮಾಡಿಟ್ಟಿದ್ದಾರೆ. ಕಾರ್ಡು ಕೊಟ್ಟ ಬ್ಯಾಂಕು ನಷ್ಟವನ್ನು ಅಂಗಡಿಯವನ ಬ್ಯಾಂಕಿನ ಕಡೆಗೆ ತಳ್ಳುವುದೇ ಚಾರ್ಜ್‌ಬ್ಯಾಕ್. ಪ್ರತಿಯೊಂದಕ್ಕೂ ಕಾರಣದ ಸಂಖ್ಯೆ ಇದೆ. ವೀಸಾದಲ್ಲಿ ಕಾರ್ಡು ಎದುರಿಗಿಲ್ಲದ ಮೋಸಕ್ಕೆ 10.4, ಎದುರಿಗಿದ್ದ ಮೋಸಕ್ಕೆ 10.3. ಒಳಗಿನವರ ಮಾತೆಲ್ಲ ಈ ಸಂಖ್ಯೆಗಳಲ್ಲೇ ನಡೆಯುತ್ತದೆ. ಆನ್‌ಲೈನ್ ಅಂಗಡಿಯವನು ಒಟಿಪಿಯಂಥ ಪರಿಶೀಲನೆ ಮಾಡದೆ ಮಾರಿದ್ದರೆ ನಷ್ಟ ಅವನದು. ಹಾಗಾಗಿ ನಮ್ಮ ಬ್ಯಾಂಕು ಆ 612 ಯೂರೊವನ್ನು ಸಲೀಸಾಗಿ ಆಚೆಗೆ ದಾಟಿಸಿತು, ಉದಾರವಾಗಿ ಶಿಕ್ಷಕಿಗೂ ಬಿಟ್ಟುಕೊಟ್ಟಿತು.

ಟ್ಯಾಪಿನ ಕಥೆ ಬೇರೆ. ಅಂಗಡಿಯವನು ಚಿಪ್ ಓದುವ ಯಂತ್ರ ಇಟ್ಟಿದ್ದಾನೆ, ಮಿತಿಯೊಳಗಿನ ಮೊತ್ತ, ನಿಜವಾದ ಕಾರ್ಡೇ ತಾಗಿದೆ, ನಮ್ಮ ಬ್ಯಾಂಕೇ ಒಪ್ಪಿಗೆ ಕೊಟ್ಟಿದೆ. ಅವನು ತನ್ನ ಪಾಲಿನ ಕರ್ತವ್ಯ ಮುಗಿಸಿದ್ದಾನೆ. ಚಿಪ್ ಯಂತ್ರ ಇಡದ ಅಂಗಡಿಯವನಿಗೆ ನಷ್ಟ ಎಂಬ ನಿಯಮ ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಯುರೋಪಿನಲ್ಲಿ ಅದಕ್ಕೂ ಎಷ್ಟೋ ಮೊದಲೇ ಇತ್ತು. ಆ ನಿಯಮದ ಇನ್ನೊಂದು ಮುಖ ಏನೆಂದರೆ, ಯಂತ್ರ ಇಟ್ಟವನು ಪಾರು. ಆಗ ನಷ್ಟವನ್ನು ದಾಟಿಸಲು ಬ್ಯಾಂಕಿಗೆ ಆಚೆ ದಡದಲ್ಲಿ ಯಾರೂ ಇಲ್ಲ. ಉಳಿದವರು ಇಬ್ಬರೇ: ಬ್ಯಾಂಕು ಮತ್ತು ಗ್ರಾಹಕ. “ಚಾರ್ಜ್‌ಬ್ಯಾಕ್ ರಿಜೆಕ್ಟ್ ಆಗಿದೆ” ಎಂಬ ವಾಕ್ಯದ ನಿಜವಾದ ಅರ್ಥ ಇಷ್ಟೇ. ಅದನ್ನು ನಿಮಗೆ ಹೇಳುವಾಗ ಯಾವುದೋ ನ್ಯಾಯಾಲಯ ನಿಮ್ಮ ಮಾತನ್ನು ತಳ್ಳಿಹಾಕಿದಂತೆ ಕೇಳಿಸುತ್ತದೆ. ಆ ನಿಯಮಪುಸ್ತಕಕ್ಕೆ ನೀವು ಸಹಿ ಹಾಕಿಲ್ಲ. ನಿಮ್ಮ ಮತ್ತು ಬ್ಯಾಂಕಿನ ನಡುವಿನ ಹೊಣೆಯನ್ನು ನಿರ್ಧರಿಸುವುದು ನೆಲದ ಕಾನೂನು.

ಆ ಕಾನೂನು ಏನು ಹೇಳುತ್ತದೆ? ಮೊದಲು ಒಂದು ಮೂಲ ಸಂಗತಿ. ಕ್ರೆಡಿಟ್ ಕಾರ್ಡಿನ ಬಿಲ್ಲು ಬ್ಯಾಂಕು ನಿಮ್ಮ ಮೇಲೆ ಮಾಡುವ ಸಾಲದ ಬೇಡಿಕೆ. ಕಳ್ಳ ಟ್ಯಾಪ್ ಮಾಡಿದಾಗ ಅಂಗಡಿಯವನಿಗೆ ಹೋದದ್ದು ಬ್ಯಾಂಕಿನ ಹಣ. ನಿಮ್ಮದು ಇನ್ನೂ ನಿಮ್ಮಲ್ಲೇ ಇದೆ. ನಾವು ಮಾತ್ರ ದೂರಿನಲ್ಲಿ “ದಯವಿಟ್ಟು ನನ್ನ ಹಣ ವಾಪಸು ಕೊಡಿಸಿ” ಎಂದು ಬರೆಯುತ್ತೇವೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ನೀವು ತಾರದ ಎರಡು ಕೆಜಿ ಬೆಲ್ಲ ಬರೆದಿದ್ದರೆ ಶೆಟ್ಟರ ಹತ್ತಿರ ಹಣ ವಾಪಸು ಕೇಳುತ್ತೀರೋ, ಆ ಗೆರೆ ಹೊಡೆದುಹಾಕಿ ಅನ್ನುತ್ತೀರೋ? ಬೆಲ್ಲ ಒಯ್ದದ್ದು ನೀವೇ ಎಂದು ತೋರಿಸುವ ಭಾರ ಶೆಟ್ಟರದು. ಡೆಬಿಟ್ ಕಾರ್ಡಿನಲ್ಲೂ, ಹಣ ತುಂಬಿಸಿ ಒಯ್ಯುವ ಫಾರೆಕ್ಸ್ ಕಾರ್ಡಿನಲ್ಲೂ ಸ್ಥಿತಿ ತಿರುಗಿಬೀಳುತ್ತದೆ, ಅಲ್ಲಿ ಹೋಗಿದ್ದು ನಿಮ್ಮ ಗಂಟಿನ ದುಡ್ಡೇ. ಪ್ರಯಾಣಕ್ಕೆ ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ: ವಿನಿಮಯ ದರದಲ್ಲಿ ಫಾರೆಕ್ಸ್ ಕಾರ್ಡು ಅಗ್ಗವಾಗಬಹುದು, ಜಗಳದಲ್ಲಿ ಕ್ರೆಡಿಟ್ ಕಾರ್ಡೇ ಮೇಲು.

ಈ ಭಾರ ಬ್ಯಾಂಕಿನ ಹೆಗಲಿಗೆ ಬಂದದ್ದು ಯಾರ ದಯೆಯಿಂದಲೂ ಅಲ್ಲ. ಪ್ರಯಾಣಿಕನ ಹಣ ಕಳೆದುಹೋಗುವ ಭಯವನ್ನೇ ಬಂಡವಾಳ ಮಾಡಿಕೊಂಡು ಮೊದಲು ಗೆದ್ದದ್ದು ಅಮೆರಿಕನ್ ಎಕ್ಸ್‌ಪ್ರೆಸ್. ಅದರ ಅಧ್ಯಕ್ಷ ಜೆ. ಸಿ. ಫಾರ್ಗೊ ಯುರೋಪಿನಲ್ಲಿ ತಿರುಗಾಡುವಾಗ ದೊಡ್ಡ ಊರು ಬಿಟ್ಟರೆ ಬೇರೆಲ್ಲೂ ತನ್ನ ಬ್ಯಾಂಕು ಪತ್ರಕ್ಕೆ ಹಣ ಸಿಗದೆ ಸಿಟ್ಟಾಗಿ ಬಂದ. ಅವನ ಕೈಕೆಳಗಿನ ಮಾರ್ಸೆಲಸ್ ಬೆರಿ 1891ರಲ್ಲಿ ಟ್ರಾವೆಲರ್ಸ್ ಚೆಕ್ ರೂಪಿಸಿದ. ಕೊಳ್ಳುವಾಗ ಒಂದು ಸಹಿ, ಖರ್ಚು ಮಾಡುವಾಗ ಇನ್ನೊಂದು. ಕಳೆದುಹೋದರೆ ಹಣ ವಾಪಸು ಎಂಬ ಭರವಸೆಯೇ ಆ ಕಾಗದದ ನಿಜವಾದ ಸರಕು.

ಕಾರ್ಡಿನ ವಿಚಾರದಲ್ಲಿ ಈ ಭರವಸೆ ಬರಲು ಒಂದು ಅವಾಂತರ ಆಗಬೇಕಾಯಿತು. 1958ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಊರಿನ ಸುಮಾರು 60,000 ಮನೆಗಳಿಗೆ ಯಾರೂ ಕೇಳದೆಯೇ ಕ್ರೆಡಿಟ್ ಕಾರ್ಡುಗಳನ್ನು ಅಂಚೆಯಲ್ಲಿ ಕಳಿಸಿತು. ಇಂದು ವೀಸಾ ಎಂದು ಕರೆಯುವುದರ ಮೂಲ ಅದೇ ಕಾರ್ಡು. ಬೇರೆ ಬ್ಯಾಂಕುಗಳೂ ಅದೇ ದಾರಿ ಹಿಡಿದವು. ಮುಂದಿನ ದಶಕದಲ್ಲಿ ಲಕ್ಷಗಟ್ಟಲೆ ಕಾರ್ಡುಗಳು ಅಂಚೆಯಲ್ಲಿ ಓಡಾಡಿದವು. ಅಂಚೆ ಡಬ್ಬಿಯಿಂದಲೇ ಕಾರ್ಡು ಕದ್ದವರಿದ್ದರು. ತಾನು ಕೇಳದ, ನೋಡಿರದ ಕಾರ್ಡಿನ ಬಿಲ್ಲು ಮನೆಗೆ ಬಂದಾಗ ಜನ ಕೆರಳಿದರು. 1970ರಲ್ಲಿ ಅಮೆರಿಕದ ಸಂಸತ್ತು ಕೇಳದೆ ಕಾರ್ಡು ಕಳಿಸುವುದನ್ನು ನಿಷೇಧಿಸಿತು, ಕಳವಾದ ಕಾರ್ಡಿನ ಅನಧಿಕೃತ ಬಳಕೆಗೆ ಗ್ರಾಹಕನ ಹೊಣೆ 50 ಡಾಲರ್ ಮೀರಬಾರದು ಎಂದಿತು. ಅರ್ಧ ಶತಮಾನ ಕಳೆದರೂ ಆ 50 ಡಾಲರ್ ಇನ್ನೂ ಅಷ್ಟೇ ಇದೆ. 1974ರ ಇನ್ನೊಂದು ಕಾನೂನು, ಬಿಲ್ಲಿನ ತಪ್ಪನ್ನು 60 ದಿನಗಳೊಳಗೆ ಬರವಣಿಗೆಯಲ್ಲಿ ತಿಳಿಸಿದರೆ ಅದು ಇತ್ಯರ್ಥವಾಗುವ ತನಕ ಆ ಮೊತ್ತ ಕಟ್ಟಬೇಕಿಲ್ಲ ಎಂದಿತು. ಈ ಹೊರೆ ಮೈಮೇಲೆ ಬಿದ್ದ ಮೇಲೆಯೇ ಬ್ಯಾಂಕುಗಳಿಗೆ ಮೋಸ ತಡೆಯುವ ಯಂತ್ರ, ತಂತ್ರಗಳ ಮೇಲೆ ಪ್ರೀತಿ ಹುಟ್ಟಿದ್ದು. ನಷ್ಟ ಗ್ರಾಹಕನದಾಗಿದ್ದರೆ ಚಿಪ್ಪಿಗೆ ದುಡ್ಡು ಸುರಿಯುವ ಅಗತ್ಯ ಅವಕ್ಕೇನಿತ್ತು?

ನಮ್ಮ ದೇಶಕ್ಕೆ ಬಂದರೆ, ಮೂಲ ತತ್ತ್ವ ಕಾರ್ಡಿಗಿಂತ ಹಳೆಯದು, ಅದರ ಒಂದು ಮುಖ್ಯ ತೀರ್ಪು ನಮ್ಮ ಕರಾವಳಿಯದೇ. ಕೆನರಾ ಬ್ಯಾಂಕ್ ವಿರುದ್ಧ ಕೆನರಾ ಸೇಲ್ಸ್ ಕಾರ್ಪೊರೇಷನ್ ಪ್ರಕರಣ. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1987ರಲ್ಲಿ. ಮಂಗಳೂರು ಶಾಖೆಯಲ್ಲಿ ಖಾತೆ ಇದ್ದ ಕಂಪನಿ. ಚೆಕ್ ಪುಸ್ತಕ ಕೈಯಲ್ಲಿದ್ದ ಲೆಕ್ಕಿಗ ಮಾಲೀಕರ ಸಹಿ ನಕಲು ಮಾಡಿ 42 ಚೆಕ್ಕುಗಳಲ್ಲಿ ಮೂರು ಲಕ್ಷ ಇಪ್ಪತ್ತಾರು ಸಾವಿರ ರೂಪಾಯಿ ಎತ್ತಿದ. ಬ್ಯಾಂಕಿನ ವಾದ: ವರ್ಷಗಟ್ಟಲೆ ಪಾಸ್ ಪುಸ್ತಕ ಕಳಿಸಿದ್ದೇವೆ, ಕಂಪನಿ ಸುಮ್ಮನಿತ್ತು, ಅದು ಅವರ ನಿರ್ಲಕ್ಷ್ಯ. ನ್ಯಾಯಾಲಯ ಒಪ್ಪಲಿಲ್ಲ. ನಕಲಿ ಸಹಿಯ ಚೆಕ್ಕಿಗೆ ಗ್ರಾಹಕನ ಆದೇಶವೇ ಇರುವುದಿಲ್ಲ. ಆದೇಶವಿಲ್ಲದೆ ಕೊಟ್ಟ ಹಣವನ್ನು ಬ್ಯಾಂಕು ಅವನ ಖಾತೆಗೆ ಖರ್ಚು ಹಾಕುವಂತಿಲ್ಲ. ತನಗೇ ಗೊತ್ತಿಲ್ಲದ ಮೋಸವನ್ನು ತಿಳಿಸಲಿಲ್ಲ ಎಂದು ಅವನನ್ನು ದೂರುವಂತಿಲ್ಲ. ಸಿಗರೇಟು ಅಂಗಡಿಯ ಯಂತ್ರಕ್ಕೆ ಕಳ್ಳ ತಾಗಿಸಿದ ಕಾರ್ಡಿನಲ್ಲಿ ನಮ್ಮ ಶಿಕ್ಷಕಿಯ ಆದೇಶ ಎಲ್ಲಿದೆ? ಆ 42 ಚೆಕ್ಕುಗಳಲ್ಲಿ ಕೊನೆಪಕ್ಷ ಸಹಿಯಂತೆ ಕಾಣುವ ಒಂದು ಗೀಚಾದರೂ ಇತ್ತು. ಟ್ಯಾಪಿನಲ್ಲಿ ಅದೂ ಇಲ್ಲ. ಸಹಿ, ಪಿನ್ ಯಾವುದೂ ಬೇಡ ಎಂದು ತೀರ್ಮಾನಿಸಿದ್ದು ವೇಗದ ವ್ಯಾಪಾರ ಬಯಸಿದ ಬ್ಯಾಂಕುಗಳೇ.

ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಈ ತತ್ತ್ವಕ್ಕೆ ಅಂಕಿಸಂಖ್ಯೆ ತೊಡಿಸಿತು. ಅನಧಿಕೃತ ವಹಿವಾಟಿನಲ್ಲಿ ಗ್ರಾಹಕನ ಹೊಣೆಯನ್ನು ಸಾಬೀತು ಮಾಡುವ ಭಾರ ಬ್ಯಾಂಕಿನದು ಎಂದು ಅಲ್ಲಿ ನೇರವಾಗಿ ಬರೆದಿದೆ. ಅಂಗಡಿ ಯಂತ್ರದ ಮುಂದೆ ಕಾರ್ಡು ಹಿಡಿದು ಮಾಡುವ ವಹಿವಾಟೂ ಇದರ ವ್ಯಾಪ್ತಿಗೆ ಸೇರಿದೆ. ಆನ್‌ಲೈನಿಗೆ ಮಾತ್ರ ಎಂದು ಯಾರಾದರೂ ಹೇಳಿದರೆ ಸುತ್ತೋಲೆ ಓದಿಲ್ಲ ಎಂದರ್ಥ. ತಪ್ಪು ಬ್ಯಾಂಕಿನದಾದರೆ ನೀವು ಯಾವಾಗ ತಿಳಿಸಿದರೂ ಹೊಣೆ ಸೊನ್ನೆ. ತಪ್ಪು ಇಬ್ಬರದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಇದೆ ಎಂದಾದರೆ ಬ್ಯಾಂಕಿನ ಸಂದೇಶ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಸೊನ್ನೆ. ನಾಲ್ಕರಿಂದ ಏಳು ದಿನ ತಡವಾದರೆ ಪ್ರತಿ ವಹಿವಾಟಿಗೆ ಒಂದು ಮಿತಿ: ಕಾರ್ಡಿನ ಮಿತಿ 5 ಲಕ್ಷದವರೆಗಿದ್ದರೆ 10,000, ಅದಕ್ಕೂ ಹೆಚ್ಚಿದ್ದರೆ 25,000, ಅಥವಾ ವಹಿವಾಟಿನ ಮೊತ್ತ, ಯಾವುದು ಕಡಿಮೆಯೋ ಅದು. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಮಂಡಳಿಯ ನೀತಿ. ದೂರು ಬಂದ ಹತ್ತು ಕೆಲಸದ ದಿನಗಳಲ್ಲಿ ಮೊತ್ತವನ್ನು ತಾತ್ಕಾಲಿಕವಾಗಿ ಜಮಾ ಮಾಡಬೇಕು, 90 ದಿನಗಳಲ್ಲಿ ಇತ್ಯರ್ಥ ಮಾಡಬೇಕು, ಅಲ್ಲಿಯವರೆಗೆ ಬಡ್ಡಿಯ ಹೊರೆ ಬೀಳಬಾರದು.

ಬ್ಯಾಂಕಿನವರು ಹಿಡಿಯುವ ಎಳೆ ಇನ್ನೊಂದಿದೆ. ಗ್ರಾಹಕನ ನಿರ್ಲಕ್ಷ್ಯದಿಂದ ಆದ ನಷ್ಟ, ತಿಳಿಸುವ ತನಕ ಅವನದೇ ಎಂದು ಅದೇ ಸುತ್ತೋಲೆ ಹೇಳುತ್ತದೆ. ಅಲ್ಲಿ ಕೊಟ್ಟಿರುವ ಉದಾಹರಣೆ ಗುಟ್ಟಿನ ವಿವರಗಳನ್ನು ಬೇರೆಯವರಿಗೆ ಹೇಳುವುದು. ಜೇಬುಗಳ್ಳತನಕ್ಕೆ ತುತ್ತಾಗುವುದೇ ನಿರ್ಲಕ್ಷ್ಯವೇ? ನನ್ನ ಅಭಿಪ್ರಾಯದಲ್ಲಿ ಅಲ್ಲ. ಆದರೆ ಪಿನ್ನನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲೇ ಇಟ್ಟವರು ನನ್ನ ಬಳಿ ಬಂದರೆ ನಾನು ಬ್ಯಾಂಕಿನ ಪಕ್ಷ. ಅಂಥವರು ಈ ಸಭೆಯಲ್ಲೂ ಇರಬಹುದು. ಪರ್ಸು ತೆರೆದು ನೋಡಿಕೊಳ್ಳಲು ಅಡ್ಡಿಯಿಲ್ಲ, ನಾನು ನೀರು ಕುಡಿಯುತ್ತೇನೆ.

ನ್ಯಾಯಾಲಯಗಳ ಒಲವು ಯಾವ ಕಡೆ ಎನ್ನುವುದಕ್ಕೆ ಎರಡೇ ಮಾತು. ಬ್ರೆಜಿಲಿನಲ್ಲಿ ಉದ್ಯೋಗದಲ್ಲಿದ್ದ ಗ್ರಾಹಕರೊಬ್ಬರ ಖಾತೆಯಿಂದ ಅಲ್ಲಿನ ಎಟಿಎಂಗಳ ಮೂಲಕ ಸುಮಾರು 2.4 ಲಕ್ಷ ರೂಪಾಯಿ ಹೋದಾಗ ಬ್ಯಾಂಕು, ಎಸ್ಸೆಮ್ಮೆಸ್ ಕಳಿಸಿದ್ದೆವು, ಅವರು ಉತ್ತರಿಸಲಿಲ್ಲ ಎಂದಿತು. ಎಸ್ಸೆಮ್ಮೆಸ್‌ಗೆ ಪ್ರತಿಕ್ರಿಯಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಬ್ಯಾಂಕಿನ ಹೊಣೆ ತಪ್ಪದು ಎಂದು ಕೇರಳ ಹೈಕೋರ್ಟ್ 2019ರ ಜನವರಿಯಲ್ಲಿ ಹೇಳಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 24 ಗಂಟೆಯೊಳಗೆ ದೂರು ಕೊಟ್ಟಿದ್ದ ಅಸ್ಸಾಮಿನ ಗ್ರಾಹಕರ ಪ್ರಕರಣದಲ್ಲಿ ಬ್ಯಾಂಕಿನ ಹೊಣೆಯನ್ನು ಎತ್ತಿಹಿಡಿಯಿತು.

ಈಗ ಶಿಕ್ಷಕಿಯ ಪತ್ರಕ್ಕೆ ಮರಳೋಣ. ಅದರ ಎರಡನೆಯ ಪ್ಯಾರಾದಲ್ಲಿ ಒಂದು ಮಜಾ ಇತ್ತು. “ಪೊಲೀಸ್ ದೂರಿನ ಪ್ರಕಾರ ಕಳವು ಸಂಜೆ 6 ಗಂಟೆಗೆ ನಡೆದಿದೆ. ಮೊದಲ ವಹಿವಾಟು ರಾತ್ರಿ 9.41ಕ್ಕೆ ದಾಖಲಾಗಿದೆ. ಕಾರ್ಡುದಾರರು ಮೂರೂವರೆ ಗಂಟೆಗೂ ಹೆಚ್ಚು ಕಾಲ ಬ್ಯಾಂಕಿಗೆ ತಿಳಿಸದೆ ನಿರ್ಲಕ್ಷ್ಯ ತೋರಿದ್ದಾರೆ.” ಓದಿದ ಕೂಡಲೇ ಮೂರೂವರೆ ಎಂಬ ಸಂಖ್ಯೆ ಕಣ್ಣಿಗೆ ಕುಕ್ಕಿತು. ಬೇಸಿಗೆಯಲ್ಲಿ ಸ್ಪೇನಿಗೂ ನಮಗೂ ಇರುವ ಅಂತರ ಸರಿಯಾಗಿ ಮೂರೂವರೆ ಗಂಟೆ. ಪೊಲೀಸರು ಬರೆದದ್ದು ಅಲ್ಲಿನ ಸಮಯ, ಬ್ಯಾಂಕಿನ ಕಂಪ್ಯೂಟರು ಬರೆದದ್ದು ಇಲ್ಲಿನ ಸಮಯ. ಮೊದಲ ಟ್ಯಾಪು ಆದದ್ದು ಅಲ್ಲಿನ ಸಂಜೆ 6.11ಕ್ಕೆ, ಕಳವಾಗಿ ಹತ್ತು ನಿಮಿಷಕ್ಕೆ. ಕೊನೆಯದು 6.48ಕ್ಕೆ, ಪರ್ಸು ಇಲ್ಲ ಎಂದು ಆಕೆಗೆ ಗೊತ್ತಾಗುವ ಮೊದಲೇ. ತಪಾಸಣೆ ಮಾಡಿದ ಮಹಾನುಭಾವರು ಭೂಗೋಳವನ್ನೇ ಮರೆತಿದ್ದರು. ಅಂದಿನಿಂದ ಯಾರೇ ಬಂದರೂ ನಾನು ಮೊದಲು ಮಾಡಿಸುವ ಕೆಲಸ, ಪ್ರತಿ ವಹಿವಾಟಿನ ಎದುರು ಎರಡೂ ಊರಿನ ಸಮಯ ಬರೆಸುವುದು. ಅರ್ಧದಷ್ಟು ನಿರ್ಲಕ್ಷ್ಯ ಅಲ್ಲೇ ಕರಗಿಹೋಗುತ್ತದೆ.

ಪೊಲೀಸ್ ದೂರಿನ ಪ್ರತಿಯಲ್ಲೂ ಒಂದು ಕೊರತೆ ಇತ್ತು. ಪರ್ಸು, 140 ಯೂರೊ ನಗದು, ಕನ್ನಡಕ ಎಲ್ಲ ಇತ್ತು; ಕಾರ್ಡಿನ ಬಗ್ಗೆ “ಒಂದು ಬ್ಯಾಂಕ್ ಕಾರ್ಡು” ಎಂದಷ್ಟೇ. ಯಾವ ಬ್ಯಾಂಕು, ಕೊನೆಯ ನಾಲ್ಕು ಅಂಕಿ ಯಾವುವು, ಒಂದೂ ಇಲ್ಲ. ಠಾಣೆಯಲ್ಲಿ ಭಾಷೆ ಬಾರದೆ ಅವಸರದಲ್ಲಿ ಹೇಳಿದಾಗ ಹೀಗೇ ಆಗುವುದು. ಅದೃಷ್ಟಕ್ಕೆ ಮಗಳು ಠಾಣೆಗೆ ಹೊರಡುವ ಮುನ್ನ ತನ್ನ ಫೋನಿನಿಂದ ಬ್ಯಾಂಕಿಗೆ ಒಂದು ಇಮೇಲ್ ಕಳಿಸಿದ್ದಳು: ಅಮ್ಮನ ಕಾರ್ಡು ಕಳವಾಗಿದೆ, ಕೂಡಲೇ ಬ್ಲಾಕ್ ಮಾಡಿ. ಬೇರೆಯವರ ವಿಳಾಸದಿಂದ ಬಂದದ್ದೆಂದು ಬ್ಯಾಂಕು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಆದರೆ ಕಳವಿನ ದಿನ, ಗಂಟೆಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಅಂದಹಾಗೆ, ಮೊದಲು ಎಫ್‌ಐಆರ್ ತನ್ನಿ, ಆಮೇಲೆ ಬ್ಲಾಕ್ ಮಾಡುತ್ತೇವೆ ಎನ್ನುವ ಹಕ್ಕು ಯಾವ ಬ್ಯಾಂಕಿಗೂ ಇಲ್ಲ. ರಿಸರ್ವ್ ಬ್ಯಾಂಕಿನ 2022ರ ಏಪ್ರಿಲ್‌ನ ಕಾರ್ಡು ನಿರ್ದೇಶನಗಳು ತಿಳಿಸಿದ ಕೂಡಲೇ ಬ್ಲಾಕ್ ಮಾಡಬೇಕು, ದೂರು ಮುಂತಾದ ವಿಧಿವಿಧಾನ ನಂತರ ಆಗಲಿ ಎಂದಿವೆ.

ನಾವು ಬರೆದ ಉತ್ತರ ಒಂದೂವರೆ ಪುಟ. ದುಃಖದ ವರ್ಣನೆ ಇಲ್ಲ, ಮಗಳು, ಮೊಮ್ಮಗು ಯಾರೂ ಇಲ್ಲ. ಈ ಏಳು ವಹಿವಾಟುಗಳನ್ನು ನಾನು ಮಾಡಿಲ್ಲ, ಮಾಡಲು ಯಾರಿಗೂ ಹೇಳಿಲ್ಲ, ಆದ್ದರಿಂದ ಈ ಸಾಲವನ್ನು ಒಪ್ಪುವುದಿಲ್ಲ ಎಂಬುದು ಮೊದಲ ವಾಕ್ಯ. ಆಮೇಲೆ ಎರಡು ಗಡಿಯಾರದ ಪಟ್ಟಿ. ಆಮೇಲೆ ಬ್ಯಾಂಕಿಗೆ ಒಂದು ಪ್ರಶ್ನೆ: ಪ್ರತಿ ವಹಿವಾಟಿನ ಎಂಟ್ರಿ ಮೋಡ್ ಯಾವುದು, ಪಿನ್ ಪರಿಶೀಲನೆ ಆಗಿದೆಯೇ, ದಾಖಲೆ ಕೊಡಿ. ಈ ಪ್ರಶ್ನೆಯಲ್ಲಿ ಇಡೀ ಪ್ರಕರಣ ಅಡಗಿದೆ. ಪ್ರತಿ ವಹಿವಾಟಿನ ದಾಖಲೆಯಲ್ಲೂ ಕಾರ್ಡನ್ನು ಹೇಗೆ ಓದಲಾಯಿತು ಎಂಬ ಸಂಖ್ಯೆ ಇರುತ್ತದೆ. 05 ಇದ್ದರೆ ಚಿಪ್ಪನ್ನು ಯಂತ್ರದೊಳಗೆ ತೂರಿಸಿದ್ದು, 07 ಇದ್ದರೆ ಟ್ಯಾಪ್ ಮಾಡಿದ್ದು. ಬ್ಯಾಂಕು ಕೊನೆಗೆ ಕಳಿಸಿದ ಹಾಳೆಯಲ್ಲಿ ಏಳು ಸಾಲಿನಲ್ಲೂ 07, ಪಿನ್ ಇರಬೇಕಾದ ಕಡೆ ಖಾಲಿ. ಪಿನ್ನನ್ನೇ ಬಳಸದ ವಹಿವಾಟಿನಲ್ಲಿ ಪಿನ್ ಬಿಟ್ಟುಕೊಟ್ಟ ನಿರ್ಲಕ್ಷ್ಯ ಎಲ್ಲಿಂದ ಬರಬೇಕು? ಗ್ರಾಹಕ ಬಿಲ್ಲನ್ನು ಪ್ರಶ್ನಿಸಿದರೆ 30 ದಿನಗಳೊಳಗೆ ವಿವರಣೆಯನ್ನೂ ಅಗತ್ಯವಿದ್ದಲ್ಲಿ ದಾಖಲೆಯನ್ನೂ ಕೊಡಬೇಕೆಂದು 2022ರ ನಿರ್ದೇಶನಗಳಲ್ಲಿದೆ. ಮೋಸ ಎಂದು ದೂರಿರುವ ವಹಿವಾಟಿನ ಮೇಲೆ ಅದು ಇತ್ಯರ್ಥವಾಗುವ ತನಕ ಯಾವ ಶುಲ್ಕವನ್ನೂ ಹಾಕುವಂತಿಲ್ಲ ಎಂದೂ ಇದೆ. ಎರಡನ್ನೂ ಪತ್ರದಲ್ಲಿ ಉಲ್ಲೇಖಿಸಿದೆವು.

ಜೊತೆಗೆ ಆಕೆ ನಿಜವಾಗಿ ಮಾಡಿದ ಖರ್ಚನ್ನು, ವಿಮಾನದ ಟಿಕೆಟ್ಟು, ಹೋಟೆಲ್ಲು ಇತ್ಯಾದಿ, ಕೊನೆಯ ದಿನಾಂಕದೊಳಗೆ ಪೂರ್ತಿ ಕಟ್ಟಿಸಿದೆ. ಸಿಟ್ಟಿನಲ್ಲಿ ಇಡೀ ಬಿಲ್ಲು ನಿಲ್ಲಿಸುವವರಿದ್ದಾರೆ. ಆಗ ಬಡ್ಡಿ, ತಡಶುಲ್ಕ, ಸಿಬಿಲ್ ಅಂಕ ಎಲ್ಲ ಕಲಸಿಹೋಗಿ, ಕಳ್ಳನ ಬಾಕಿ ಯಾವುದು, ನಿಮ್ಮ ಬಾಕಿ ಯಾವುದು ಎಂದು ಬಿಡಿಸುವುದೇ ಒಂದು ಉದ್ಯೋಗವಾಗುತ್ತದೆ. ಇನ್ನು ಕೆಲವರು ತಲೆಬಿಸಿ ಬೇಡವೆಂದು ವಿವಾದದ ಮೊತ್ತವನ್ನೂ ಕಟ್ಟಿ ಆಮೇಲೆ ದೂರು ಕೊಡುತ್ತಾರೆ. ಕಟ್ಟಿದ ಮೇಲೂ ಹಕ್ಕು ಉಳಿಯುತ್ತದೆ, ಆದರೆ ಬ್ಯಾಂಕಿಗೆ ಅವಸರ ಉಳಿಯುವುದಿಲ್ಲ.

ಬ್ಯಾಂಕು ಒಪ್ಪದಿದ್ದರೆ ಅಥವಾ 30 ದಿನ ಉತ್ತರಿಸದಿದ್ದರೆ ಮುಂದಿನ ಮೆಟ್ಟಿಲು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. 2021ರ ನವೆಂಬರ್ 12ರಂದು ಬಂದ ಏಕೀಕೃತ ಯೋಜನೆಯಲ್ಲಿ ಯಾವ ಊರಿನಿಂದ ಬೇಕಾದರೂ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಆ ಯೋಜನೆಯಡಿ ನಷ್ಟದ ಜೊತೆಗೆ ಮಾನಸಿಕ ಕಿರುಕುಳಕ್ಕೆ ಒಂದು ಲಕ್ಷದವರೆಗೆ ಪರಿಹಾರ ಕೊಡುವ ಅಧಿಕಾರವೂ ಅವರಿಗಿತ್ತು. ಗ್ರಾಹಕರ ಆಯೋಗ ಇನ್ನೊಂದು ದಾರಿ. 2019ರ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಬ್ಯಾಂಕಿನ ಮುಖ್ಯ ಕಚೇರಿ ಮುಂಬೈಯಲ್ಲಿದೆ ಎಂದು ಶಿವಮೊಗ್ಗದವರು ಮುಂಬೈಗೆ ಓಡಬೇಕಿಲ್ಲ. ಎರಡು ವರ್ಷದ ಕಾಲಮಿತಿ ಮಾತ್ರ ನೆನಪಿರಲಿ.

ಹೊರಡುವ ಮುನ್ನ ಮಾಡಬೇಕಾದ್ದನ್ನೂ ಒಂದು ಮಾತಿನಲ್ಲಿ ಮುಗಿಸುತ್ತೇನೆ. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ಪರದೇಶದ ಬಳಕೆ, ಆನ್‌ಲೈನ್, ಟ್ಯಾಪ್ ಎಲ್ಲವೂ ಮುಚ್ಚಿಯೇ ಬರುತ್ತವೆ. ಬೇಕಾದವರು ಆಪಿನಲ್ಲಿ ತೆರೆದುಕೊಳ್ಳಬೇಕು. ನಾವು ವಿಮಾನ ಹತ್ತುವ ಮುನ್ನ ಮೂರನ್ನೂ ಒಟ್ಟಿಗೆ, ಕಾರ್ಡಿನ ಪೂರ್ತಿ ಮಿತಿಗೆ ತೆರೆದುಬಿಡುತ್ತೇವೆ. ಪರದೇಶದ ಬಳಕೆ ತೆರೆದು ಟ್ಯಾಪನ್ನು ಮುಚ್ಚಿಡಬಹುದು, ದಿನದ ಮಿತಿಯನ್ನು ಇಳಿಸಬಹುದು. ಎರಡು ಕಾರ್ಡಿದ್ದರೆ ಒಂದನ್ನು ರೂಮಿನಲ್ಲೇ ಬಿಟ್ಟು ಹೋಗಬಹುದು.

ಶಿಕ್ಷಕಿಯ ಪ್ರಕರಣ ಒಂಬುಡ್ಸ್‌ಮನ್ ತನಕ ಹೋಗಲಿಲ್ಲ. ಎಂಟ್ರಿ ಮೋಡಿನ ಹಾಳೆ ಕಳಿಸಿದ ಬ್ಯಾಂಕು, ಅದೇ ಹಾಳೆಯನ್ನು ಮುಂದಿಟ್ಟು ನಾವು ಬರೆದ ಎರಡನೆಯ ಪತ್ರಕ್ಕೆ ವಾದ ಹೂಡಲಿಲ್ಲ. “ಗ್ರಾಹಕ ಸಂಬಂಧದ ದೃಷ್ಟಿಯಿಂದ, ವಿಶೇಷ ಪ್ರಕರಣವೆಂದು ಪರಿಗಣಿಸಿ” ಏಳೂ ಮೊತ್ತಗಳನ್ನು ರದ್ದು ಮಾಡಿತು. ಆಕೆಗೆ ಸಂತೋಷವಾಯಿತು; ಆ ವಿಶೇಷ ಎಂಬ ಮಾತಿಗೆ ನನಗೆ ಕೊಂಚ ಕಿರಿಕಿರಿಯಾದದ್ದು ಹಳೆಯ ನೌಕರಿಯ ಪ್ರಭಾವವಿರಬೇಕು. ರದ್ದಾದದ್ದು ಮೂಲ ಮೊತ್ತ ಮಾತ್ರ. ಪರದೇಶದ ವಹಿವಾಟಿಗೆಂದು ಹಾಕಿದ್ದ ಶೇ. 3.5 ಮಾರ್ಕಪ್ಪು, ಅದರ ಮೇಲಿನ ಶೇ. 18 ಜಿಎಸ್‌ಟಿ, ಒಟ್ಟು ಸಾವಿರದ ಇನ್ನೂರು ಚಿಲ್ಲರೆ ರೂಪಾಯಿ ಬಿಲ್ಲಿನಲ್ಲಿ ಹಾಗೆಯೇ ಕೂತಿತ್ತು. ಮೂಲವೇ ಇಲ್ಲದ ವಹಿವಾಟಿಗೆ ಮಾರ್ಕಪ್ಪು ಎಲ್ಲಿಯದು ಎಂದು ಮೂರನೆಯ ಪತ್ರ ಹೋಯಿತು. ಇದನ್ನು ಬರೆಯುವಾಗ ಮಾತ್ರ ಶಿಕ್ಷಕಿ ನನ್ನನ್ನು ಕೇಳಲಿಲ್ಲ. ತಾವೇ ಬರೆದು, ನನಗೆ ಒಂದು ಪ್ರತಿ ಕಳಿಸಿದರು. ಮುಂದಿನ ತಿಂಗಳ ಬಿಲ್ಲಿನಲ್ಲಿ ಆ ಹಣವೂ ಜಮಾ ಆಯಿತು.

 ಪ್ರಶ್ನೆಗಳಿದ್ದರೆ ಕೇಳಿ; ಸ್ಟೇಟ್‌ಮೆಂಟ್ ತಂದವರು ಕಾಫಿ ಆದ ಮೇಲೆ ಬನ್ನಿ.